ಗೋಡೆಯ ತೂತಿನಿಂದ ಬಂದ ಹೊಗೆ: ಹುಡುಗರ ಜೈಲಿನ ಸಿನಿಮಾಗಳಲ್ಲಿ ಸಲಿಂಗಪ್ರೇಮ

ಇಬ್ಬರು ಕೈದಿಗಳು. ಮಧ್ಯೆ ದಪ್ಪ ಗೋಡೆ. ಗೋಡೆಯಲ್ಲಿ ಒಂದು ಸಣ್ಣ ತೂತು. ಈ ಕಡೆಯವನು ಆ ತೂತಿಗೆ ಒಂದು ಒಣಹುಲ್ಲಿನ ಕಡ್ಡಿ ತೂರಿಸಿ, ಸಿಗರೇಟಿನ ಹೊಗೆಯನ್ನು ನಿಧಾನವಾಗಿ ಊದುತ್ತಾನೆ. ಆ ಕಡೆಯವನು ಬಾಯಿ ತೆರೆದು ಹೊಗೆಯನ್ನು ಒಳಗೆಳೆದುಕೊಳ್ಳುತ್ತಾನೆ. ಮಾತಿಲ್ಲ, ಹಾಡಿಲ್ಲ. ಕಪ್ಪುಬಿಳುಪು ಚಿತ್ರ, ಅದೂ ಮೂಕಿ.

ಇದು 1950ರಲ್ಲಿ ಫ್ರೆಂಚ್ ಲೇಖಕ ಝಾನ್ ಜೆನೆ ಮಾಡಿದ 'ಅಂ ಶಾಂ ದಾಮೂರ್' ಎಂಬ ಕಿರುಚಿತ್ರ. ಹಾಗಂದರೆ 'ಒಂದು ಪ್ರೇಮಗೀತೆ'. ಅರ್ಧ ಗಂಟೆಯೂ ಇಲ್ಲ. ಜೆನೆ ತನ್ನ ಇಡೀ ಬದುಕಿನಲ್ಲಿ ನಿರ್ದೇಶಿಸಿದ ಸಿನಿಮಾ ಇದೊಂದೇ. ಆಮೇಲೆ ಬಂದ ಎಷ್ಟೋ ಜೈಲುಪ್ರೇಮದ ಚಿತ್ರಗಳಲ್ಲಿ ಈ ಗೋಡೆ, ಈ ತೂತು ಏನೋ ಒಂದು ವೇಷದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಇದರಲ್ಲಿರುವವರು ಬೆಳೆದ ಗಂಡಸರು, ಜೈಲೂ ದೊಡ್ಡವರ ಜೈಲು. ಆದರೆ ಜೆನೆಗೆ ಸೆರೆವಾಸದ ರುಚಿ ಹತ್ತಿದ್ದು ಹುಡುಗರ ಜೈಲಿನಲ್ಲಿ. ಹಾಗಾಗಿ ಹುಡುಗರ ಜೈಲು ಎಂಬ ವ್ಯವಸ್ಥೆ ಎಲ್ಲಿಂದ ಬಂತು, ಅಲ್ಲಿ ಹುಟ್ಟುವ ಪ್ರೀತಿಯನ್ನು ತೆರೆಯ ಮೇಲೆ ತೋರಿಸೋದು ಯಾಕೆ ಇಷ್ಟು ಕಷ್ಟ, ಕೆಲವು ಚಿತ್ರಗಳು ಅದನ್ನು ಹೇಗೆ ಸಾಧಿಸಿವೆ, ಯಾವುವು ಎಡವಿವೆ ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಕಷ್ಟ ಏನು ಅಂತ ಹೇಳಿಬಿಡುತ್ತೇನೆ. ಜೈಲಿನ ಸಿನಿಮಾದಲ್ಲಿ ಗಂಡಸರ ನಡುವಿನ ಸಂಬಂಧ ಅಂದ ಕೂಡಲೇ ಪ್ರೇಕ್ಷಕನ ತಲೆಗೆ ಬರೋದು ಎರಡೇ. ಒಂದು, ಅತ್ಯಾಚಾರದ ಭಯ. ಇನ್ನೊಂದು, ಪೋಲಿ ಜೋಕು. ನಮ್ಮ ಸಿನಿಮಾಗಳ ಕಾಮಿಡಿ ಟ್ರ್ಯಾಕಿನಲ್ಲೂ ಆ ಜೋಕು ಬೇಕಾದಷ್ಟು ಸಲ ಬಂದುಹೋಗಿದೆ. ಈ ಎರಡರ ಮಧ್ಯೆ ಮೂರನೆಯದೊಂದು ಇರಬಹುದು, ಇಬ್ಬರು ಒಬ್ಬರನ್ನೊಬ್ಬರು ನಿಜವಾಗಿಯೂ ಹಚ್ಚಿಕೊಳ್ಳಬಹುದು ಅನ್ನೋದು ಬೇಗ ತಲೆಗೆ ಹೋಗೋದಿಲ್ಲ. ಹೋದರೂ ಅನುಮಾನ ಉಳಿಯುತ್ತದೆ: ಇದು ಪ್ರೀತಿಯೋ, ಅಥವಾ ಬೇರೆ ದಾರಿಯಿಲ್ಲದೆ ಮಾಡಿಕೊಂಡ ಹೊಂದಾಣಿಕೆಯೋ?

ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಹೊಸದಾಗಿ ಜೈಲಿಗೆ ಬಂದ ಹುಡುಗನನ್ನು ನೆನೆಸಿಕೊಳ್ಳಿ. ಅವನಿಗೆ ಯಾರೂ ಗೊತ್ತಿಲ್ಲ. ಯಾವ ಬೆಂಚಿನ ಮೇಲೆ ಕೂರಬೇಕು, ಯಾರ ಮುಖ ನೋಡಬಾರದು, ಒಂದೂ ತಿಳಿಯದು. ಆಗ ಒಬ್ಬ ಹಳಬ ಬಂದು ಸಿಗರೇಟು ಕೊಡುತ್ತಾನೆ. "ಯಾರಾದ್ರೂ ಮುಟ್ಟಿದ್ರೆ ನನಗೆ ಹೇಳು" ಅನ್ನುತ್ತಾನೆ. ಹುಡುಗನಿಗೆ ಹೋದ ಜೀವ ಬಂದಂತಾಗುತ್ತದೆ. ಎರಡು ವಾರ ಕಳೆದ ಮೇಲೆ ಆ ಸಿಗರೇಟಿನ ಲೆಕ್ಕ ಬರುತ್ತದೆ. ಕನ್ನಡದಲ್ಲಿ ಇದಕ್ಕೆ ಒಳ್ಳೆ ಪದ ಇದೆ: ಹಂಗು. ಹಂಗಿಗೆ ಬಿದ್ದವನ ಬಾಯಲ್ಲಿ 'ಬೇಡ' ಅನ್ನೋ ಮಾತು ಬರೋದಿಲ್ಲ.

ಈ ಸಿನಿಮಾಗಳನ್ನು ನೋಡುವಾಗ ನಾನು ಇಟ್ಟುಕೊಂಡಿರುವ ಅಳತೆಗೋಲೂ ಅದೇ. ಈ ಹುಡುಗ 'ಬೇಡ' ಅಂದರೆ ಏನಾಗುತ್ತದೆ? ಅಂದಮೇಲೂ ಅವನು ನೆಟ್ಟಗೆ ಇರಬಹುದೇ?

ಈಗ ಮತ್ತೆ ಆ ಗೋಡೆಗೆ ಬನ್ನಿ. ಆ ಗೋಡೆ ಇಬ್ಬರನ್ನೂ ದೂರ ಇಟ್ಟಿದೆ, ಸರಿ. ಆದರೆ ಅದೇ ಗೋಡೆ ಒಬ್ಬನ ಕೈ ಇನ್ನೊಬ್ಬನ ಮೇಲೆ ಬೀಳದ ಹಾಗೆಯೂ ತಡೆದಿದೆ. ಹೊಗೆ ಬೇಡವೆಂದರೆ ಆ ಕಡೆಯವನು ಮುಖ ತಿರುಗಿಸಬಹುದು, ಅಷ್ಟೇ. ಆ ಚಿತ್ರದಲ್ಲಿ ಹಿಂಸೆ ಬರೋದು ಬಾಗಿಲಿನ ಕಿಂಡಿಯಿಂದ ಇಣುಕುವ ಕಾವಲುಗಾರನಿಂದ. ಕೈದಿಗಳಿಬ್ಬರ ನಡುವೆ ಏನೋ ಇದೆ ಅಂತ ಕಂಡು ಅವನಿಗೆ ಹೊಟ್ಟೆ ಉರಿಯುತ್ತದೆ. ಒಳಗೆ ನುಗ್ಗಿ ಹೊಡೆಯುತ್ತಾನೆ. ನೋಡುವವನ ಕೈಯಲ್ಲಿ ಬೆಲ್ಟು, ಪಿಸ್ತೂಲು. ನೋಡಿಸಿಕೊಳ್ಳುವವರ ಕೈಯಲ್ಲಿ ಒಂದು ಹುಲ್ಲುಕಡ್ಡಿ.

ಕಾನೂನು ಮಾತ್ರ ಕಾವಲುಗಾರನ ಪಕ್ಷ ವಹಿಸಿತು. 1964ರಲ್ಲಿ ನ್ಯೂಯಾರ್ಕಿನಲ್ಲಿ ಈ ಚಿತ್ರ ತೋರಿಸಿದ್ದಕ್ಕೆ ಜೋನಾಸ್ ಮೇಕಸ್ ಎಂಬ ಸಿನಿಮಾ ಮನುಷ್ಯನನ್ನು ಪೊಲೀಸರು ಹಿಡಿದರು. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಕೇಸು ನಡೆದು, 1966ರಲ್ಲಿ ಅಲ್ಲಿನ ನ್ಯಾಯಾಲಯ ಚಿತ್ರ ಅಶ್ಲೀಲ ಎಂದಿತು. 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಜೆನೆ ಹುಟ್ಟಿದ್ದು 1910ರಲ್ಲಿ. ತಾಯಿ ಬಿಟ್ಟುಹೋದ ಮಗು, ಸರ್ಕಾರದ ಸುಪರ್ದಿನಲ್ಲಿ ಬೆಳೆದವನು. ಮತ್ತೆ ಮತ್ತೆ ಓಡಿಹೋಗುತ್ತಿದ್ದ. ಹದಿನೈದು ತುಂಬಿದ್ದಾಗ, 1926ರಲ್ಲಿ, ಅವನನ್ನು ಮೆತ್ರೇಗೆ ಕಳಿಸಿದರು. ಫ್ರಾನ್ಸಿನ ತೂರ್ ಪಟ್ಟಣದ ಹತ್ತಿರದ ಹುಡುಗರ ಕೃಷಿ ಕಾಲನಿ ಅದು. 1929ರವರೆಗೆ ಅಲ್ಲೇ ಇದ್ದ.

ಮೆತ್ರೇ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1840ರ ಜನವರಿ 22ರಂದು ಅದು ಅಧಿಕೃತವಾಗಿ ತೆರೆಯಿತು. ಮಿಶೆಲ್ ಫೂಕೋ ಎಂಬ ಚಿಂತಕ 1975ರಲ್ಲಿ ಜೈಲಿನ ಇತಿಹಾಸ ಬರೆಯುವಾಗ, ಇಂದಿನ ಸೆರೆಮನೆ ವ್ಯವಸ್ಥೆ ಪೂರ್ತಿಯಾದ ದಿನ ಯಾವುದು ಅಂದರೆ ಇದೇ ಎಂದು ಈ ತಾರೀಖಿನ ಮೇಲೆ ಬೆರಳಿಟ್ಟ. ಯಾಕೆಂದರೆ ಮೆತ್ರೇ ಒಂದೇ ಸಲಕ್ಕೆ ಮನೆ, ಶಾಲೆ, ಸೈನ್ಯ, ಕಾರ್ಖಾನೆ, ನ್ಯಾಯಾಲಯ ಎಲ್ಲವೂ ಆಗಿತ್ತು. ಹುಡುಗರನ್ನು 'ಕುಟುಂಬ'ಗಳಾಗಿ ಹಂಚಿದ್ದರು. ಒಂದೊಂದು ಕುಟುಂಬದಲ್ಲಿ 'ತಮ್ಮಂದಿರು', ಅವರ ಮೇಲೆ ಇಬ್ಬರು 'ಅಣ್ಣಂದಿರು'. ತಪ್ಪು ಮಾಡಿದವನನ್ನು ಒಂಟಿ ಕೋಣೆಗೆ ಹಾಕುತ್ತಿದ್ದರು. ಆ ಕೋಣೆಯ ಗೋಡೆ ಮೇಲೆ ಕಪ್ಪು ಅಕ್ಷರಗಳಲ್ಲಿ ಬರೆದಿತ್ತು: 'ದೇವರು ನಿನ್ನನ್ನು ನೋಡುತ್ತಿದ್ದಾನೆ'.

ಒಂದು ಕ್ಷಣ ಯೋಚಿಸಿ. ಅಪ್ಪ ಅಮ್ಮ ಇಲ್ಲದ ಹುಡುಗನಿಗೆ ಕಾಗದದ ಮೇಲೆ ಒಬ್ಬ ಅಣ್ಣನನ್ನು ಕೊಡುತ್ತಾರೆ. ಆ ಅಣ್ಣನ ಕೆಲಸ ಇವನ ಮೇಲೆ ಕಣ್ಣಿಡೋದು. ಪ್ರೀತಿಯ ಹೆಸರಿನಲ್ಲಿ ಕಾವಲು. ಜೆನೆ ಆಮೇಲೆ ಮೆತ್ರೇಯನ್ನು ಬೈದದ್ದಕ್ಕಿಂತ ಜಾಸ್ತಿ ಹಂಬಲಿಸಿ ಬರೆದ ಅನ್ನೋದು ಎಷ್ಟೋ ಓದುಗರಿಗೆ ಇವತ್ತಿಗೂ ಬಿಡಿಸದ ಒಗಟು. ನನಗೆ ಅದು ಅಷ್ಟು ವಿಚಿತ್ರ ಅನ್ನಿಸೋದಿಲ್ಲ. ಬೇರೆ ಮನೆಯೇ ಇಲ್ಲದವನಿಗೆ ಹೊಡೆಯುವ ಮನೆಯೂ ಮನೆಯೇ. ಅಲ್ಲಿ ಮೊದಲ ಸಲ ಯಾರೋ ಅವನ ಕಡೆ ತಿರುಗಿ ನೋಡಿದ್ದರು. ಮೆತ್ರೇ 1937ರಲ್ಲಿ ಮುಚ್ಚಿತು.

ಜೆನೆಯ ಬರಹಗಳನ್ನು ಆಧರಿಸಿ ಅಮೆರಿಕದ ಟಾಡ್ ಹೇನ್ಸ್ 1991ರಲ್ಲಿ 'ಪಾಯ್ಸನ್' ಮಾಡಿದರು. ಮೂರು ಕತೆಗಳ ಚಿತ್ರ, ಅದರಲ್ಲೊಂದು ಜೈಲಿನದ್ದು. ದೊಡ್ಡವರ ಜೈಲಿನ ದೃಶ್ಯಗಳು ನೆಲಮಾಳಿಗೆಯ ಹಾಗೆ ಕತ್ತಲು. ಹುಡುಗರ ಜೈಲಿನ ನೆನಪು ಬಂದಾಗ ಮಾತ್ರ ತೆರೆ ತುಂಬ ಬೆಳಕು, ಹಸಿರು, ಹೂವು. ಆ ಬೆಳಕಿನಲ್ಲೇ ಅತಿ ಕ್ರೂರವಾದ ಒಂದು ಅವಮಾನ ನಡೆಯುತ್ತದೆ. ನೆನಪು ಚಂದ, ನಡೆದದ್ದು ಚಂದವಲ್ಲ. ಜೆನೆಯ ಒಗಟನ್ನು ಹೇನ್ಸ್ ಬಣ್ಣದಲ್ಲೇ ಹೇಳಿಬಿಟ್ಟರು. ಸನ್‌ಡ್ಯಾನ್ಸ್ ಉತ್ಸವದಲ್ಲಿ ದೊಡ್ಡ ಬಹುಮಾನವೂ ಬಂತು. ಸರ್ಕಾರಿ ಕಲಾನಿಧಿಯಿಂದ ಸಿಕ್ಕಿದ್ದ 25,000 ಡಾಲರಿನ ಬಗ್ಗೆ ರಂಪವೂ ಆಯಿತು.

ಫ್ರಾನ್ಸಿನಲ್ಲಿ ಮೆತ್ರೇ ಇದ್ದ ಹಾಗೆ ಇಂಗ್ಲೆಂಡಿನಲ್ಲಿ ಬೋರ್ಸ್ಟಲ್. ಕೆಂಟ್ ಪ್ರಾಂತ್ಯದ ಬೋರ್ಸ್ಟಲ್ ಎಂಬ ಹಳ್ಳಿಯ ಹೆಸರೇ ವ್ಯವಸ್ಥೆಯ ಹೆಸರಾಯಿತು. ಅಲ್ಲಿ 1902ರಲ್ಲಿ ಪ್ರಯೋಗ ಶುರುವಾಯಿತು, 1908ರಲ್ಲಿ ಕಾನೂನು ಬಂತು. ಹದಿನಾರರಿಂದ ಇಪ್ಪತ್ತೊಂದರೊಳಗಿನ ಹುಡುಗರನ್ನು ಹಳೇ ಕಳ್ಳರ ಜೊತೆ ಸೇರಿಸಬಾರದು, ಕೆಲಸ ಕಲಿಸಿ ತಿದ್ದಬೇಕು ಅನ್ನೋದು ಉದ್ದೇಶ. ಆಮೇಲೆ ಅಲೆಕ್ಸಾಂಡರ್ ಪ್ಯಾಟರ್ಸನ್ ಎಂಬ ಅಧಿಕಾರಿ ಬಂದು ಶ್ರೀಮಂತರ ಬೋರ್ಡಿಂಗ್ ಶಾಲೆಯ ಅಚ್ಚನ್ನು ಇಲ್ಲಿಗೂ ತಂದ. ವಾರ್ಡರುಗಳ ಜಾಗದಲ್ಲಿ ಹೌಸ್‌ಮಾಸ್ಟರುಗಳು, ಬ್ಯಾರಕ್ಕಿನ ಜಾಗದಲ್ಲಿ 'ಹೌಸ್'.

ಈ ಬೋರ್ಸ್ಟಲ್ ನಮಗೇನೂ ದೂರದ್ದಲ್ಲ. ಬ್ರಿಟಿಷರು ಇದನ್ನು ಇಲ್ಲಿಗೂ ತಂದರು. 1929ರಲ್ಲಿ ಬಾಂಬೆ ಬೋರ್ಸ್ಟಲ್ ಶಾಲೆಗಳ ಕಾಯಿದೆ ಬಂತು. ಆಗ ಧಾರವಾಡ ಬಾಂಬೆ ಪ್ರಾಂತ್ಯದಲ್ಲಿತ್ತಲ್ಲ, ಹಾಗಾಗಿ ಧಾರವಾಡದಲ್ಲೂ ಒಂದು ಬೋರ್ಸ್ಟಲ್ ಶಾಲೆ ಆಯಿತು. ಅಂದರೆ ಕೆಂಟಿನ ಆ ಹಳ್ಳಿಯ ಹೆಸರು ಪೇಡೆಯ ಊರಿನ ಬೋರ್ಡಿನ ಮೇಲೂ ಬಂದು ಕೂತಿತು. ನಮ್ಮ ಮನೆಗಳಲ್ಲಿ ಹಠ ಮಾಡುವ ಹುಡುಗನಿಗೆ "ರಿಮ್ಯಾಂಡ್ ಹೋಮಿಗೆ ಹಾಕಿಬಿಡ್ತೀನಿ ನೋಡು" ಅಂತ ಹೆದರಿಸೋದು ಹಳೇ ಕ್ರಮ. ಆ ಬೆದರಿಕೆಯ ಬೇರು ಇಲ್ಲಿದೆ.

ಬೋರ್ಸ್ಟಲ್ ಬಗ್ಗೆ ಬಂದ ಚಿತ್ರಗಳಲ್ಲಿ ಎಲ್ಲರ ಬಾಯಲ್ಲಿರೋದು 'ಸ್ಕಮ್'. ಇದರ ಕತೆ ಕೇಳಿದರೆ ನಾನು ಇಲ್ಲಿ ಹೇಳಹೊರಟಿರೋದರ ಅರ್ಧ ಭಾಗ ತಾನಾಗಿಯೇ ಅರ್ಥವಾಗುತ್ತದೆ. ಯಾಕೆಂದರೆ ಇದನ್ನು ಎರಡು ಸಲ ಮಾಡಿದರು.

ಮೊದಲು 1977ರಲ್ಲಿ ಬಿಬಿಸಿ ಟಿವಿಗಾಗಿ. ಬರೆದದ್ದು ರಾಯ್ ಮಿಂಟನ್, ನಿರ್ದೇಶನ ಅಲನ್ ಕ್ಲಾರ್ಕ್. ಕಾರ್ಲಿನ್ ಎಂಬ ಹುಡುಗ ಬೋರ್ಸ್ಟಲಿಗೆ ಬರುತ್ತಾನೆ, ಒದೆ ತಿನ್ನುತ್ತಾನೆ, ಆಮೇಲೆ ಎಲ್ಲರನ್ನೂ ಒದ್ದು ತಾನೇ ಅಲ್ಲಿನ ದಾದಾ ಆಗುತ್ತಾನೆ. ಆ ಪಾತ್ರದಲ್ಲಿ ಇನ್ನೂ ಎಳೆ ಮುಖದ ರೇ ವಿನ್‌ಸ್ಟನ್. ಚಿತ್ರ ಸಿದ್ಧವಾದ ಮೇಲೆ ಬಿಬಿಸಿ ಹೆದರಿ ಅದನ್ನು ಪ್ರಸಾರ ಮಾಡಲಿಲ್ಲ. ಪೆಟ್ಟಿಗೆ ಸೇರಿತು. ಬಿಡದೆ ಅದೇ ಲೇಖಕ, ಅದೇ ನಿರ್ದೇಶಕ, ಅದೇ ವಿನ್‌ಸ್ಟನ್ ಸೇರಿ 1979ರಲ್ಲಿ ಚಿತ್ರಮಂದಿರಕ್ಕಾಗಿ ಅದನ್ನೇ ಮತ್ತೆ ತೆಗೆದರು. ಟಿವಿ ಆವೃತ್ತಿ ಜನರ ಕಣ್ಣಿಗೆ ಬೀಳೋಕೆ 1991 ಆಗಬೇಕಾಯಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಟಿವಿ ಆವೃತ್ತಿಯಲ್ಲಿ ಕಾರ್ಲಿನ್ ಇನ್ನೊಬ್ಬ ಹುಡುಗನನ್ನು ತನ್ನ 'ಮಿಸ್ಸಸ್' ಆಗು ಅಂತ ಕೇಳುತ್ತಾನೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ 'ಮನೆಯವಳು'. 1979ರ ಚಿತ್ರದಲ್ಲಿ ಈ ಸಂಬಂಧವೇ ಮಾಯ. ಅದೇ ಚಿತ್ರದಲ್ಲಿ ಒಬ್ಬ ಎಳೆಯ ಹುಡುಗನ ಮೇಲೆ ನಡೆಯುವ ಅತ್ಯಾಚಾರ, ಆಮೇಲೆ ಅವನ ಸಾವು, ಎರಡೂ ಇವೆ.

ಗಮನಿಸಿದಿರಾ? ಹಿಂಸೆ ಉಳಿಯಿತು. ಹೋದದ್ದು ಒಬ್ಬ ಹುಡುಗ ಇನ್ನೊಬ್ಬನ ಮುಂದೆ ಸ್ವಲ್ಪ ಮೆತ್ತಗಾಗುವ ಭಾಗ. ಆ ಸಂಬಂಧವೂ ಸರಿಸಮ ಇರಲಿಲ್ಲ, ನಿಜ. ಕೇಳುತ್ತಿರುವವನು ದಾದಾ. ದಾದಾನಿಗೆ ಬೇಡ ಅನ್ನೋದು ಹೇಗೆ? ಆದರೂ ಅವನು ಕೇಳುತ್ತಾನೆ ಅನ್ನೋದು ಸಣ್ಣ ವಿಷಯವಲ್ಲ. ಉಳಿದೆಲ್ಲವನ್ನೂ ಒದ್ದು ಪಡೆದುಕೊಂಡ ಹುಡುಗ ಇದೊಂದನ್ನು ಬಾಯಿಬಿಟ್ಟು ಕೇಳುತ್ತಾನೆ. ಆ ಭಾಗ ಹೋದದ್ದು ನಷ್ಟ, ಕಾರ್ಲಿನ್ ದುರ್ಬಲನಾಗೋಕೆ ಇದ್ದ ಒಂದೇ ಜಾಗ ಅದು ಅನ್ನೋ ಅರ್ಥದಲ್ಲಿ ಮಿಂಟನ್ ಆಮೇಲೆ ಹೇಳಿಕೊಂಡಿದ್ದುಂಟು. ನನಗೂ ಹಾಗೇ ಅನ್ನಿಸುತ್ತದೆ. 1979ರ ಕಾರ್ಲಿನ್ ಬರೀ ಮುಷ್ಟಿ.

ಹಂಗಿನ ಲೆಕ್ಕವನ್ನು ಎಲ್ಲಕ್ಕಿಂತ ಬಿಚ್ಚಿ ತೋರಿಸಿದ್ದು ಕೆನಡಾದ ಒಂದು ನಾಟಕ. ಹೆಸರು 'ಫಾರ್ಚ್ಯೂನ್ ಆ್ಯಂಡ್ ಮೆನ್ಸ್ ಐಸ್', ಷೇಕ್ಸ್‌ಪಿಯರನ 29ನೇ ಸಾನೆಟ್ಟಿನ ಮೊದಲ ಸಾಲಿನಿಂದ ಎತ್ತಿಕೊಂಡದ್ದು. ಬರೆದ ಜಾನ್ ಹರ್ಬರ್ಟ್ 1940ರ ದಶಕದಲ್ಲಿ ತಾನೇ ಇಂಥ ಸುಧಾರಣಾ ಜೈಲಿನಲ್ಲಿದ್ದವನು. ಹೆಣ್ಣಿನ ಉಡುಪು ಹಾಕಿಕೊಂಡು ಹೊರಗೆ ಹೋಗಿದ್ದಾಗ ಕೆಲವರು ಅವನನ್ನು ದೋಚಲು ಬಂದರು. ಕೊನೆಗೆ ಅಪರಾಧಿಯಾಗಿ ಒಳಗೆ ಹೋದದ್ದು ಅವನೇ. ನಾಟಕ 1967ರಲ್ಲಿ ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂತು, 1971ರಲ್ಲಿ ಸಿನಿಮಾ ಆಯಿತು.

ಕತೆಯಲ್ಲಿ ಸ್ಮಿಟಿ ಎಂಬ ಹೊಸ ಹುಡುಗ, ಅವನಿಗೆ 'ರಕ್ಷಣೆ' ಕೊಡುವ ರಾಕಿ. ರಕ್ಷಣೆಯ ಬೆಲೆ ಏನು ಅಂತ ಬೇಗ ಗೊತ್ತಾಗುತ್ತದೆ. ಮೋನಾ ಎಂಬ ಅಡ್ಡಹೆಸರಿನ ಮೆತ್ತನೆ ಹುಡುಗನೊಬ್ಬ ಅಲ್ಲಿದ್ದಾನೆ, ಎಲ್ಲರೂ ತುಳಿದವನು. ಸ್ಮಿಟಿಗೂ ಮೋನಾಗೂ ನಡುವೆ ನಿಜವಾದ ಪ್ರೀತಿಯೊಂದು ಹುಟ್ಟಬಹುದಿತ್ತು. ಆದರೆ ಅಷ್ಟರಲ್ಲಿ ಸ್ಮಿಟಿ ಆ ಜೈಲಿನ ಭಾಷೆ ಕಲಿತುಬಿಟ್ಟಿದ್ದಾನೆ. ತನಗೂ ರಕ್ಷಕನಾಗೋದು ಗೊತ್ತಾಗಿದೆ. ಹಂಗಿಗೆ ಬಿದ್ದವನು ಎದ್ದು ನಿಂತಾಗ ಮಾಡುವ ಮೊದಲ ಕೆಲಸ ಇನ್ನೊಬ್ಬನನ್ನು ಹಂಗಿಗೆ ಕೆಡವೋದು. ನಾಟಕದ ಕಹಿ ಇರೋದು ಇಲ್ಲಿ.

ಒಂದು ಒಳ್ಳೆಯದೂ ಆಯಿತು. ನ್ಯೂಯಾರ್ಕಿನಲ್ಲಿ ನಾಟಕ ಮುಗಿದ ಮೇಲೆ ಪ್ರೇಕ್ಷಕರ ಜೊತೆ ಚರ್ಚೆಗಳು ನಡೆದವು, ಜೈಲಿನಿಂದ ಬಂದವರು ಎದ್ದು ಮಾತಾಡಿದರು. ನಾಟಕದ ನಿರ್ಮಾಪಕ ಡೇವಿಡ್ ರಾಥೆನ್‌ಬರ್ಗ್ ಅದೇ ವರ್ಷ 'ಫಾರ್ಚ್ಯೂನ್ ಸೊಸೈಟಿ' ಎಂಬ ಸಂಸ್ಥೆ ಕಟ್ಟಿದರು. ಬಿಡುಗಡೆಯಾದವರಿಗೆ ಮನೆ, ಕೆಲಸ ಹುಡುಕಿಕೊಡುವ ಸಂಸ್ಥೆ. ನಾಟಕದ ಹೆಸರನ್ನೇ ಇಟ್ಟುಕೊಂಡು ಇವತ್ತಿಗೂ ನಡೆಯುತ್ತಿದೆ.

ಇಷ್ಟೊತ್ತು ಬರೀ ಕತ್ತಲೆ ಆಯ್ತು ಅಲ್ವಾ? ಸ್ವಲ್ಪ ಗಾಳಿ ಬೇಕಾದರೆ ಬ್ರೆಂಡನ್ ಬೀಹನ್ ಕಡೆ ಹೋಗಬೇಕು. ಐರ್ಲೆಂಡಿನ ಲೇಖಕ, ಹುಡುಗನಾಗಿದ್ದಾಗಲೇ ಬ್ರಿಟಿಷರ ವಿರುದ್ಧದ ಹೋರಾಟಕ್ಕೆ ಇಳಿದವನು. 1939ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಸ್ಫೋಟಕಗಳನ್ನು ಹೊತ್ತು ಲಿವರ್‌ಪೂಲಿಗೆ ಬಂದು ಸಿಕ್ಕಿಬಿದ್ದ. ಮೂರು ವರ್ಷ ಬೋರ್ಸ್ಟಲ್ ಶಿಕ್ಷೆ. ಸಫೋಕ್ ಕಡಲತೀರದ ಹಾಲ್ಸ್‌ಲಿ ಬೇ ಎಂಬ ಕಾಲನಿಗೆ ಕಳಿಸಿದರು, ಹೊಲಗದ್ದೆ ಇದ್ದ ಜಾಗ. ಆ ದಿನಗಳ ನೆನಪನ್ನು 1958ರಲ್ಲಿ 'ಬೋರ್ಸ್ಟಲ್ ಬಾಯ್' ಎಂದು ಪುಸ್ತಕ ಮಾಡಿದ. ಸ್ವಂತ ದೇಶ ಐರ್ಲೆಂಡೇ ಅದನ್ನು ನಿಷೇಧಿಸಿತು.

2000ದಲ್ಲಿ ಪೀಟರ್ ಶೆರಿಡನ್ ಅದೇ ಹೆಸರಿನಲ್ಲಿ ಸಿನಿಮಾ ಮಾಡಿದರು. ಅದರಲ್ಲಿ ಚಾರ್ಲಿ ಎಂಬ ನಾವಿಕ ಹುಡುಗನಿಗೆ ಬ್ರೆಂಡನ್ ಮೇಲೆ ಪ್ರೀತಿ. ಬ್ರೆಂಡನ್ ಮೊದಲು ಅವನನ್ನು ದೂರ ತಳ್ಳುತ್ತಾನೆ. ಒಂದು ಕಡೆ ಕ್ಯಾಥೊಲಿಕ್ ಮನೆತನ, ಇನ್ನೊಂದು ಕಡೆ ಕ್ರಾಂತಿಕಾರಿಯ ಜಂಬ. ಚಾರ್ಲಿಗೆ ನೋವಾಗುತ್ತದೆ. ಆದರೆ ಕತೆ ಅಲ್ಲಿಗೆ ನಿಲ್ಲೋದಿಲ್ಲ, ಇಬ್ಬರೂ ನಿಧಾನವಾಗಿ ಜೀವದ ಗೆಳೆಯರಾಗುತ್ತಾರೆ. ಬ್ರೆಂಡನ್‌ಗೆ ವಾರ್ಡನ್ನಿನ ಮಗಳ ಮೇಲೂ ಮನಸ್ಸಿದೆ. ಮೈಕಲ್ ಯಾರ್ಕ್ ಮಾಡಿರುವ ವಾರ್ಡನ್ ಒಳ್ಳೆ ಮನುಷ್ಯ. ಎಲ್ಲ ಸ್ವಲ್ಪ ಜಾಸ್ತಿನೇ ಸಿಹಿ, ನಿಜವಾದ ಬೋರ್ಸ್ಟಲ್ ಇಷ್ಟು ಚಂದ ಇರಲಿಕ್ಕಿಲ್ಲ. ಚಿತ್ರವಾಗಿ ನೋಡಿದರೆ ಸಾಧಾರಣ.

ಆದರೆ ನನ್ನ ಅಳತೆಗೋಲು ಹಿಡಿದು ನೋಡಿದರೆ ಇದಕ್ಕೆ ಒಳ್ಳೆ ಅಂಕ. ಒಬ್ಬ 'ಬೇಡ' ಅಂದ, ಇನ್ನೊಬ್ಬ ಅದನ್ನು ಒಪ್ಪಿಕೊಂಡ, ಆಮೇಲೂ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಊಟ ಮಾಡಿದರು. ಜೈಲಿನ ಸಿನಿಮಾದಲ್ಲಿ ಇದು ಅಪರೂಪ.

ಜಪಾನಿನ ತಕಾಶಿ ಮೀಕೆ 2006ರಲ್ಲಿ ಪೂರ್ತಿ ಬೇರೆ ದಾರಿ ಹಿಡಿದರು. ಅವರ ಚಿತ್ರದ ಜಪಾನಿ ಹೆಸರಿನ ಅರ್ಥ '460 ಕೋಟಿ ವರ್ಷಗಳ ಪ್ರೀತಿ'. ಕೊಲೆ ಮಾಡಿ ಬಂದ ಇಬ್ಬರು, ಒಬ್ಬ ಮೆದು, ಒಬ್ಬ ಒರಟ. ಜೈಲೋ ನಾಟಕದ ರಂಗಸಜ್ಜಿಕೆಯ ಹಾಗಿದೆ. ಹೊರಗೆ ನೋಡಿದರೆ ಒಂದು ಕಡೆ ಪಿರಮಿಡ್, ಇನ್ನೊಂದು ಕಡೆ ರಾಕೆಟ್. ಸ್ವರ್ಗಕ್ಕೆ ಹೋಗೋದೋ, ಆಕಾಶಕ್ಕೆ ಹಾರೋದೋ? ಅರ್ಥ ಮಾಡಿಕೊಳ್ಳಲು ಹೋದರೆ ತಲೆ ಕೆಡುತ್ತದೆ. ಮುಂದಕ್ಕೆ ಹೋಗೋಣ.

ಇತ್ತೀಚಿನದರಲ್ಲಿ ನನಗೆ ಹಿಡಿಸಿದ್ದು ಬೆಲ್ಜಿಯಮ್ಮಿನ ಜೆನೊ ಗ್ರಾಟನ್ ಅವರ ಮೊದಲ ಚಿತ್ರ. ಫ್ರೆಂಚಿನಲ್ಲಿ 'ಲ ಪಾರಾದಿ', ಅಂದರೆ ಸ್ವರ್ಗ. ಇಂಗ್ಲಿಷಿನಲ್ಲಿ 'ದಿ ಲಾಸ್ಟ್ ಬಾಯ್ಸ್', ಕಳೆದುಹೋದ ಹುಡುಗರು. ಎರಡು ಹೆಸರೂ ಎಷ್ಟು ಉಲ್ಟಾ ನೋಡಿ. 2023ರಲ್ಲಿ ಬರ್ಲಿನ್ ಚಿತ್ರೋತ್ಸವದ ಹದಿಹರೆಯದವರ ವಿಭಾಗದಲ್ಲಿ ಮೊದಲು ತೋರಿಸಿದರು.

ಜೋ ಎಂಬ ಹದಿನೇಳರ ಹುಡುಗ ತಿದ್ದುಪಡಿ ಕೇಂದ್ರದಲ್ಲಿದ್ದಾನೆ. ಇನ್ನೇನು ನ್ಯಾಯಾಧೀಶರು ಒಪ್ಪಿದರೆ ಬಿಡುಗಡೆ. ಆ ಹೊತ್ತಿಗೆ ವಿಲಿಯಂ ಎಂಬ ಇನ್ನೊಬ್ಬ ಬರುತ್ತಾನೆ. ಅವನನ್ನು ಹಾಕೋದು ಎಲ್ಲಿಗೆ? ಪಕ್ಕದ ಸೆಲ್ಲಿಗೆ. ಮತ್ತೆ ಅದೇ ಒಂದು ಗೋಡೆ. ಜೆನೆಯ ಗೋಡೆಗೂ ಇದಕ್ಕೂ ಎಪ್ಪತ್ತಕ್ಕೂ ಜಾಸ್ತಿ ವರ್ಷಗಳ ಅಂತರ.

ಇಲ್ಲಿ ಕಾವಲುಗಾರರು ರಾಕ್ಷಸರಲ್ಲ. ಅಲ್ಲಿನ ಶಿಕ್ಷಕರು, ಮೇಲ್ವಿಚಾರಕರು ಹುಡುಗರ ಒಳಿತನ್ನೇ ಬಯಸುತ್ತಾರೆ. ಬೆಲ್ಟಿಲ್ಲ, ಪಿಸ್ತೂಲಿಲ್ಲ. ಹುಡುಗರಿಗೆ ಕೆಲಸ ಕಲಿಸುತ್ತಾರೆ, ಮಾತಾಡಿಸುತ್ತಾರೆ. ಆದರೂ ನಿಯಮ ನಿಯಮವೇ, ರಾತ್ರಿ ಬಾಗಿಲಿಗೆ ಹೊರಗಿನಿಂದ ಬೀಗ. ಕೆಟ್ಟ ವಾರ್ಡರ್ ಇದ್ದರೆ ನಮ್ಮ ಸಿಟ್ಟಿಗೆ ಒಂದು ಮುಖ ಸಿಗುತ್ತದೆ, ಮನಸ್ಸು ಹಗುರಾಗುತ್ತದೆ. ಗ್ರಾಟನ್ ಆ ಸುಲಭವನ್ನು ನಮಗೆ ಕೊಡೋದಿಲ್ಲ. ಒಳ್ಳೆಯವರೇ ಸೇರಿ ನಡೆಸುವ ಜಾಗದಲ್ಲೂ ಇಬ್ಬರು ಹುಡುಗರಿಗೆ ಐದು ನಿಮಿಷ ಏಕಾಂತ ಸಿಗೋದಿಲ್ಲ. ಮೆತ್ರೇಯ ಗೋಡೆ ಮೇಲಿನ ಬರಹ ಅಳಿಸಿದೆ, ನೋಟ ಮಾತ್ರ ಹಾಗೇ ಇದೆ.

ಇಬ್ಬರ ಹತ್ತಿರವೂ ಕೊಡೋಕೆ ಏನೂ ಇಲ್ಲ. ಜೋ ದಾದಾ ಅಲ್ಲ, ವಿಲಿಯಂ ಶರಣು ಬಂದವನಲ್ಲ. ಹಾಗಾಗಿ ಇಲ್ಲಿ ಹಂಗಿನ ಮಾತಿಲ್ಲ. ಒಬ್ಬ ಮುಖ ತಿರುಗಿಸಿದರೆ ಇನ್ನೊಬ್ಬನಿಗೆ ದುಃಖ ಆಗಬಹುದು, ಅಷ್ಟೇ. ಮಾಮೂಲಿ ಪ್ರೀತಿಯಲ್ಲಿ ಆಗೋದೂ ಅಷ್ಟೇ ತಾನೇ?

ಕಷ್ಟ ಬರೋದು ಬೇರೆ ಕಡೆಯಿಂದ. ಇಷ್ಟು ದಿನ ಹೊರಗೆ ಹೋಗಬೇಕು ಅಂತ ದಿನ ಎಣಿಸುತ್ತಿದ್ದ ಜೋಗೆ ಈಗ ಹೊರಗೆ ಹೋಗೋದು ಬೇಡ. ಬಿಡುಗಡೆ ಅಂದರೆ ವಿಲಿಯಂನಿಂದ ದೂರ. ಜೈಲು ಒಡೆದು ಓಡುವ ಕತೆ ನೂರು ನೋಡಿದ್ದೇವೆ. ಒಳಗೇ ಇರೋಕೆ ಆಸೆಪಡುವ ಹುಡುಗನ ಕತೆ ನೋಡೋದು ಕಡಿಮೆ.

ಇದೇ ಉಲ್ಟಾ ಗಂಟನ್ನು ಆಸ್ಟ್ರಿಯಾದ ಸೆಬಾಸ್ಟಿಯನ್ ಮೈಸೆ 2021ರ 'ಗ್ರೇಟ್ ಫ್ರೀಡಂ' ಚಿತ್ರದಲ್ಲಿ ಹಾಕಿದ್ದರು. ಅದು ದೊಡ್ಡವರ ಜೈಲಿನದ್ದು, ಆದರೂ ಬಿಡೋಕೆ ಮನಸ್ಸಿಲ್ಲ. ಜರ್ಮನಿಯಲ್ಲಿ 175ನೇ ಕಲಮು ಗಂಡಸರ ನಡುವಿನ ಸಂಬಂಧವನ್ನು ಅಪರಾಧ ಎನ್ನುತ್ತಿತ್ತು. ಹಾನ್ಸ್ ಎಂಬವನನ್ನು 1945ರಲ್ಲಿ ನಾಜಿ ಶಿಬಿರದಿಂದ ಬಿಡಿಸುತ್ತಾರೆ, ಆದರೆ ಮನೆಗೆ ಕಳಿಸೋದಿಲ್ಲ. ಉಳಿದ ಶಿಕ್ಷೆ ಮುಗಿಸು ಅಂತ ನೇರವಾಗಿ ಜೈಲಿಗೆ ಹಾಕುತ್ತಾರೆ. ಹಿಟ್ಲರ್ ಹೋದ, ಕಲಮು ಉಳಿಯಿತು. ಮುಂದೆ ಅದೇ ಜೈಲಿನಲ್ಲಿ ಹಾನ್ಸ್ ಬೈಬಲ್ಲಿನ ಹಾಳೆಗಳ ಅಕ್ಷರಗಳಿಗೆ ಸೂಜಿಯಿಂದ ಚುಚ್ಚಿ ಚುಚ್ಚಿ ಗುಟ್ಟಿನ ಕಾಗದ ಕಳಿಸುತ್ತಾನೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಚುಚ್ಚಿದ ಅಕ್ಷರಗಳು ಮಾತಾಗುತ್ತವೆ. ಜೆನೆಯ ತೂತೇ ಇಲ್ಲಿ ನೂರು ಚೂರಾಗಿ ಬಂದಿದೆ ಅನ್ನಿಸಿತು ನನಗೆ. 1969ರಲ್ಲಿ ಕಾನೂನು ಸಡಿಲವಾಗುತ್ತದೆ. ಹೊರಗೆ ಬಂದ ಹಾನ್ಸ್ ಒಂದು ರಾತ್ರಿ ಒಡವೆ ಅಂಗಡಿಯ ಗಾಜು ಒಡೆದು, ಪೊಲೀಸರು ಬರಲಿ ಅಂತ ಫುಟ್‌ಪಾತ್ ಮೇಲೆ ಸಿಗರೇಟು ಹಚ್ಚಿ ಕೂರುತ್ತಾನೆ. ಅವನಿಗೆ ಬೇಕಾದವನು ಇನ್ನೂ ಒಳಗಿದ್ದಾನೆ.

ಇಲ್ಲಿ ವಯಸ್ಸಿನ ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ. ಜೋ, ವಿಲಿಯಂ ಹದಿಹರೆಯದ ಪಾತ್ರಗಳು. ಆ ಪಾತ್ರ ಮಾಡಿದವರು ಇಪ್ಪತ್ತು ದಾಟಿದ ನಟರು, ಅದು ಹಾಗೇ ಇರಬೇಕು. ಇಂಥ ಕತೆ ಹೇಳುವ ನಿರ್ದೇಶಕ ಹುಡುಗರ ಮೈಯನ್ನು ನೋಡುವ ವಸ್ತು ಮಾಡಿದರೆ, ಬಾಗಿಲ ಕಿಂಡಿಯ ಕಾವಲುಗಾರನಿಗೂ ಅವನಿಗೂ ಏನು ವ್ಯತ್ಯಾಸ? ಹೊಗೆ, ಸೂಜಿಯ ತೂತು, ಪಕ್ಕದ ಕೋಣೆಯ ಸದ್ದು. ಒಳ್ಳೆ ಚಿತ್ರಗಳಲ್ಲಿ ನೆನಪಿನಲ್ಲಿ ಉಳಿಯೋದು ಇಂಥವೇ.

ನಮ್ಮ ಕಾನೂನಿನ ಪ್ರಕಾರ ಹದಿನೆಂಟು ತುಂಬದವರ ವಿಷಯದಲ್ಲಿ ಒಪ್ಪಿಗೆ ಅನ್ನೋ ಮಾತಿಗೆ ಬೆಲೆಯಿಲ್ಲ. 2012ರ ಪೋಕ್ಸೊ ಕಾಯಿದೆ ಹುಡುಗ, ಹುಡುಗಿ ಎಂದು ಭೇದ ಮಾಡೋದಿಲ್ಲ. 2015ರ ಬಾಲ ನ್ಯಾಯ ಕಾಯಿದೆಯಲ್ಲಿ 'ಬಾಲಾಪರಾಧಿ' ಅನ್ನೋ ಪದವೇ ಇಲ್ಲ, 'ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಗು' ಅಂತ ಬಳಸಬೇಕು. ಅವರನ್ನು ಇಡೋದು ವೀಕ್ಷಣಾಲಯದಲ್ಲಿ. ಇನ್ನೂ ಎಳೆಯರು ಇರುವ ಅಂಥ ಜಾಗದಲ್ಲಿ ಈ ಕಾವಲು ಅಗತ್ಯ ಅನ್ನೋದನ್ನು ನಾನು ಅಲ್ಲಗಳೆಯೋದಿಲ್ಲ. 'ಸ್ಕಮ್'ನಲ್ಲಿ ಸತ್ತ ಹುಡುಗನ ಕಡೆ ಯಾರಾದರೂ ಒಮ್ಮೆ ತಿರುಗಿ ನೋಡಿದ್ದರೆ ಅವನು ಉಳಿಯುತ್ತಿದ್ದ. ಜೋ, ವಿಲಿಯಂ ಕತೆಯಲ್ಲಿ ಅದೇ ನೋಟ ಉಸಿರು ಕಟ್ಟಿಸುತ್ತದೆ. ಒಂದೇ ನಿಯಮ ಎರಡೂ ಹುಡುಗರಿಗೆ ಹೊಂದಬೇಕು. ಅದೇ ಇಲ್ಲಿನ ತೊಡಕು.

ದೊಡ್ಡವರ ವಿಷಯದಲ್ಲಿ ನಮ್ಮಲ್ಲೂ ಜೈಲಿನಿಂದಲೇ ಒಂದು ದೊಡ್ಡ ಜಗಳ ಶುರುವಾಗಿತ್ತು. 1994ರಲ್ಲಿ ದೆಹಲಿಯ ತಿಹಾರ್ ಜೈಲಿನಲ್ಲಿ ಏಡ್ಸ್ ತಡೆಯಲು ಕೈದಿಗಳಿಗೆ ಕಾಂಡೋಮ್ ಕೊಡಬೇಕು ಎಂಬ ಮಾತು ಬಂತು. ಆಗ ಅಲ್ಲಿನ ಮುಖ್ಯಸ್ಥೆ ಕಿರಣ್ ಬೇಡಿ ಒಪ್ಪಲಿಲ್ಲ. ಗಂಡಸರ ನಡುವಿನ ಸಂಬಂಧವನ್ನೂ ಅಪರಾಧ ಎನ್ನುತ್ತಿದ್ದ 377ನೇ ಕಲಮು ಇರುವಾಗ ಜೈಲೇ ಕಾಂಡೋಮ್ ಹಂಚಿದರೆ ಅಪರಾಧಕ್ಕೆ ಕೈಜೋಡಿಸಿದ ಹಾಗಾಗುವುದಿಲ್ಲವೇ ಅನ್ನೋ ತೊಡಕಿತ್ತು. ಎಬಿವಿಎ (ಏಡ್ಸ್ ಭೇದಭಾವ್ ವಿರೋಧಿ ಆಂದೋಲನ್) ಎಂಬ ಸಂಘಟನೆ ಆ ಕಲಮನ್ನೇ ಪ್ರಶ್ನಿಸಿ ದೆಹಲಿ ಹೈಕೋರ್ಟಿಗೆ ಹೋಯಿತು. ಆ ಕೇಸು ಗೆಲ್ಲಲಿಲ್ಲ. ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಆಮೇಲೆ 2024ರ ಜುಲೈನಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377 ಪೂರ್ತಿ ಬಿಟ್ಟುಹೋಯಿತು. ಕಸದ ಜೊತೆ ಕಾಳೂ ಹೋಯಿತು: ಬೆಳೆದ ಗಂಡಸಿನ ಮೇಲೆ ಅತ್ಯಾಚಾರ ಆದರೆ ಹಾಕೋಕೆ ಈಗ ಪ್ರತ್ಯೇಕ ಕಲಮೇ ಇಲ್ಲ. ಪ್ರೀತಿ ಯಾವುದು, ಬಲವಂತ ಯಾವುದು ಅಂತ ಬಿಡಿಸಿ ನೋಡೋಕೆ ಸಿನಿಮಾ ಒದ್ದಾಡುವ ಹಾಗೆ ಕಾನೂನೂ ಒದ್ದಾಡುತ್ತಿದೆ.

ಇಂಗ್ಲೆಂಡಿನಲ್ಲಿ 1982ರ ಕಾಯಿದೆ ಬೋರ್ಸ್ಟಲ್ ಎಂಬ ಹೆಸರನ್ನೇ ತೆಗೆದುಹಾಕಿತು. 'ಫಾರ್ಚ್ಯೂನ್' ಸಿನಿಮಾ ತೆಗೆದದ್ದು ಕೆನಡಾದ ಕ್ವಿಬೆಕ್ ನಗರದ ಒಂದು ನಿಜವಾದ ಹಳೇ ಜೈಲಿನಲ್ಲಿ. ಆ ಕಟ್ಟಡ ಆಮೇಲೆ ಕೆಲವು ಕಾಲ ಊರೂರು ಸುತ್ತುವ ಹುಡುಗರಿಗೆ ಅಗ್ಗದ ಹಾಸ್ಟೆಲ್ ಆಗಿತ್ತು. 1991ರಿಂದ ಅದು ಅಲ್ಲಿನ ಕಲಾ ಮ್ಯೂಸಿಯಮ್ಮಿನ ಒಂದು ಭಾಗ. ಗೋಡೆ ತುಂಬ ಚಿತ್ರಗಳು. ಕೆಲವು ಸೆಲ್ಲುಗಳನ್ನು ಮಾತ್ರ ಹಾಗೇ ಉಳಿಸಿದ್ದಾರೆ, ನೋಡಲು ಬಂದವರು ಒಳಗೆ ಇಣುಕಿ ನೋಡಿ ಹೋಗುತ್ತಾರೆ.